ಮಂದಿ ಮನೆ ಬಾಗಿಲು

ಮೂವತ್ತು ವರ್ಷಗಳಿಂದ ನಾನು ಹೈಸ್ಕೂಲಿನ ಮಕ್ಕಳಿಗೆ ಚರಿತ್ರೆ ಹೇಳುತ್ತ ಬಂದಿದ್ದೇನೆ. ಪಾಠ ಮುಗಿದು, ಗಂಟೆ ಬಾರಿಸಲು ಇನ್ನೂ ಐದೋ ಹತ್ತೋ ನಿಮಿಷ ಉಳಿದಿದ್ದರೆ ಪುಸ್ತಕ ಮುಚ್ಚಿಟ್ಟು ಒಂದು ಕಥೆ ಹೇಳುವುದು ನನ್ನ ರೂಢಿ. ದೊಡ್ಡ ಮನೆತನದ ಹುಡುಗಿ ಫ್ಲಾರೆನ್ಸ್ ನೈಟಿಂಗೇಲ್ ತಂದೆ ತಾಯಿಯ ವಿರೋಧ ಕಟ್ಟಿಕೊಂಡು ದಾದಿಯಾದದ್ದು, ಕ್ರಿಮಿಯಾ ಯುದ್ಧದ ಗಾಯಾಳುಗಳ ನಡುವೆ ರಾತ್ರಿ ದೀಪ ಹಿಡಿದು ಓಡಾಡಿದ್ದು. ಆಲ್ಬರ್ಟ್ ಶ್ವೈಟ್ಜರ್ ಎಂಬ ವಿದ್ವಾಂಸ, ಸಂಗೀತಗಾರ, ಮೂವತ್ತನೆಯ ವಯಸ್ಸಿನಲ್ಲಿ ವೈದ್ಯಕೀಯ ಓದಲು ಕುಳಿತು, 1913ರಲ್ಲಿ ಆಫ್ರಿಕದ ಲಾಂಬರೇನೆ ಎಂಬ ಕಾಡೂರಿಗೆ ಹೋದದ್ದು. ಕಥೆಯ ಕೊನೆಗೆ, 'ಬದುಕಿದರೆ ಹೀಗೆ ಬದುಕಬೇಕು ನೋಡ್ರಿ' ಎಂದು ಸೀಮೆಸುಣ್ಣದ ಕೈ ಝಾಡಿಸಿಕೊಂಡು ಹೊರಗೆ ಬರುತ್ತಿದ್ದೆ. ಈ ಮಾತನ್ನು ಎಷ್ಟು ಮಕ್ಕಳು ಕಿವಿಗೆ ಹಾಕಿಕೊಂಡರೋ ತಿಳಿಯದು. ಆದರೆ ನನ್ನ ಹೊಟ್ಟೆಯಲ್ಲಿ ಹುಟ್ಟಿದ ಒಬ್ಬಳು ಮಾತ್ರ ಹಾಕಿಕೊಂಡಿದ್ದಳು. ಅದು ನನಗೆ ಗೊತ್ತಾದದ್ದು 2022ರ ಒಂದು ಭಾನುವಾರ.

ಮಗಳು ಇಂಜಿನಿಯರಿಂಗ್ ಓದಿ ಬೆಂಗಳೂರಿನ ಕಂಪ್ಯೂಟರ್ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದಳು. ನಾನು ಮೂವತ್ತು ವರ್ಷ ದುಡಿದು ಮುಟ್ಟಿದ ಸಂಬಳವನ್ನು ಅವಳು ಮೂರೇ ವರ್ಷದಲ್ಲಿ ಮುಟ್ಟಿದ್ದಳು. 2020ರ ಕೊರೋನಾ ಕಾಲದಲ್ಲಿ ಎಲ್ಲರ ಮಕ್ಕಳಂತೆ ಅವಳೂ ಊರಿಗೆ ಬಂದು ಮಾಳಿಗೆಯ ಮೇಲಿನ ಕೋಣೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಳು. ನಮ್ಮ ಓಣಿಯ ಆಶಾ ಕಾರ್ಯಕರ್ತೆ ಒಂದು ಕಾಲಕ್ಕೆ ನನ್ನ ವಿದ್ಯಾರ್ಥಿನಿ. ಆಕೆ ರಿಜಿಸ್ಟರು, ಜ್ವರ ನೋಡುವ ಯಂತ್ರ, ಬೆರಳಿಗೆ ಸಿಕ್ಕಿಸುವ ಯಂತ್ರ ಎಲ್ಲ ಹಿಡಿದುಕೊಂಡು ಮನೆಮನೆ ತಿರುಗುತ್ತಿದ್ದಳು. ಮೊದಮೊದಲು ಮೊಬೈಲಿನಲ್ಲಿ ಸಮೀಕ್ಷೆ ತುಂಬಿಕೊಡಲು ಮಗಳು ಅವಳ ಜೊತೆ ಕಟ್ಟೆಯ ಮೇಲೆ ಕೂಡುತ್ತಿದ್ದಳು. ಆಮೇಲೆ ಬಾಯಿಗೆ ಬಟ್ಟೆ ಕಟ್ಟಿಕೊಂಡು ಜೊತೆಗೇ ಹೊರಡತೊಡಗಿದಳು. ಹರೆಯದ ಹುಡುಗಿ, ಮನೆಯಲ್ಲಿ ಕೂತು ಬೇಸರಾಗಿರಬೇಕು ಎಂದು ನಾನು ಸುಮ್ಮನಿದ್ದೆ. ಬೇನೆ ಇಳಿಯಿತು, ಮಗಳು ಬೆಂಗಳೂರಿಗೆ ಹೋದಳು, ಎಲ್ಲ ಮೊದಲಿನಂತಾಯಿತು ಎಂದುಕೊಂಡೆ.

"ಅವ್ವಾ, ನಾ ಕೆಲಸ ಬಿಡಬೇಕಂತ ಮಾಡೀನಿ. ಹಳ್ಳಿ ಆರೋಗ್ಯದ ಕೆಲಸ ಮಾಡ್ತೀನಿ. ಅದಕ್ಕ ಎರಡು ವರ್ಷ ಓದೂದೈತಿ."

"ಡಾಕ್ಟರಕಿ ಓದಿಯೇನ ನೀ?"

"ಡಾಕ್ಟರಕಿ ಅಲ್ಲವ್ವಾ. ಸಾರ್ವಜನಿಕ ಆರೋಗ್ಯ."

ಮನೆಯ ಸಾಲ ಇನ್ನೂ ಒಂಬತ್ತು ವರ್ಷದ್ದಿತ್ತು. ಅದರ ಅರ್ಧ ಕಂತು ಅವಳೇ ಕಟ್ಟುತ್ತಿದ್ದಳು. ಒಂದು ಒಳ್ಳೆಯ ಮನೆತನದಿಂದ ಮದುವೆಯ ಮಾತೂ ಬಂದಿತ್ತು. ನನ್ನ ಬಾಯಿಂದ ಬಂದ ಮಾತು ಇದು: "ಓದಿದ್ದು ಇಂಜಿನಿಯರಿಂಗು, ತಿರುಗೂದು ಮಂದಿ ಮನಿ ಬಾಗಲಾ?"

ಫೋನು ಇಟ್ಟ ಮೇಲೆ ಬಹಳ ಹೊತ್ತು ಅಡುಗೆಮನೆಯಲ್ಲಿ ನಿಂತೇ ಇದ್ದೆ. ಆ ಮಾತು ನನ್ನದಲ್ಲ, ನಮ್ಮಪ್ಪನದು. 1985ರಲ್ಲಿ ನಾನು ಸಹಾಯಕ ದಾದಿ ತರಬೇತಿಗೆ ಅರ್ಜಿ ತಂದಿಟ್ಟುಕೊಂಡಿದ್ದೆ. ಆಗ ನಮ್ಮೂರಿಗೆ ಬರುತ್ತಿದ್ದ ನರ್ಸಬಾಯಿ ಬಿಳಿ ಸೀರೆ ಉಟ್ಟು, ಕರಿ ಚೀಲ ಹಿಡಿದು, ಯಾರ ಅಂಜಿಕೆಯೂ ಇಲ್ಲದೆ ಎಲ್ಲ ಓಣಿಗಳನ್ನೂ ಹೊಕ್ಕು ಬರುತ್ತಿದ್ದಳು. ನಾನೂ ಅವಳಂತಾಗಬೇಕೆಂದಿದ್ದೆ. ಅಪ್ಪ ಅರ್ಜಿಯನ್ನು ಮಡಚಿ ಗೂಡಿನಲ್ಲಿಟ್ಟು, "ಮಂದಿ ಮನಿ ಬಾಗಲಾ ತಿರುಗೂ ಕೆಲಸ ನಮಗ ಬ್ಯಾಡ. ಮಾಸ್ತರಕಿ ಮಾಡು, ನಾಕು ಮಂದಿ ಅಕ್ಕೋರ ಅಂತಾರ" ಎಂದಿದ್ದರು. ಹಾಗೆ ನಾನು ಬಿ.ಎ., ಬಿ.ಎಡ್. ಮಾಡಿ ಅಕ್ಕೋರಾದೆ. ಕೆಲಸದ ಮೇಲೆ ನನಗೆ ಬೇಸರವಿಲ್ಲ. ಆದರೆ ಮಗಳ ಮೇಲಿನ ಸಿಟ್ಟಿನಲ್ಲಿ ಒಂದು ಪಾಲು ಹೊಟ್ಟೆಕಿಚ್ಚೂ ಇತ್ತೆಂದು ಈಗ ಒಪ್ಪಿಕೊಳ್ಳಬೇಕು.

ಅಂದು ಮಾತ್ರ ಒಪ್ಪಿಕೊಳ್ಳಲಿಲ್ಲ. ಚರಿತ್ರೆಯ ಶಿಕ್ಷಕಿ ತಾನೆ, ಚರಿತ್ರೆಯಿಂದಲೇ ಮಗಳನ್ನು ಸೋಲಿಸುತ್ತೇನೆಂದು ಪುಸ್ತಕ ತೆಗೆದೆ. ನೌಕರಿ, ಸುಖ ಬಿಟ್ಟು ಜನರ ಆರೋಗ್ಯಕ್ಕೆ ನಿಂತವರು ಒಂದೋ ಉಳ್ಳವರು, ಇಲ್ಲ ಬೆನ್ನಿಗೆ ದೊಡ್ಡ ಸಂಸ್ಥೆ ಇದ್ದವರು. ಸಾಲದ ಕಂತು ಇದ್ದವರು ಒಬ್ಬರೂ ಇಲ್ಲ ಎಂದು ತೋರಿಸುವುದು ನನ್ನ ಉದ್ದೇಶವಾಗಿತ್ತು. ಮೊದಲಿಗೆ ಕೈಗೆ ಬಂದದ್ದು ವೆಲ್ಲೂರಿನ ಐಡಾ ಸ್ಕಡ್ಡರ್ ಕಥೆ. ವೆಲ್ಲೂರು ಆಸ್ಪತ್ರೆಯ ಹೆಸರು ಕೇಳದ ಕನ್ನಡಿಗರು ಕಡಿಮೆ. ಅದು ಹುಟ್ಟಿದ ಬಗೆ ಗೊತ್ತಿರುವವರೂ ಕಡಿಮೆಯೇ.

ಐಡಾ ಹುಟ್ಟಿದ್ದು 1870ರಲ್ಲಿ, ತಮಿಳುನಾಡಿನ ರಾಣಿಪೇಟೆಯಲ್ಲಿ. ತಂದೆ ಅಮೆರಿಕದ ಮಿಷನ್ ವೈದ್ಯ, ಅಜ್ಜನೂ ಅಂಥವನೇ. ಬರಗಾಲ, ಬೇನೆ, ಧೂಳು ಎಲ್ಲವನ್ನೂ ಬಾಲ್ಯದಲ್ಲೇ ಕಂಡಿದ್ದ ಆ ಹುಡುಗಿಗೆ ಈ ದೇಶ ಸಾಕಾಗಿತ್ತು. ಅಮೆರಿಕಕ್ಕೆ ಹೋಗಿ ಓದಿದಳು, ಅಲ್ಲಿಯೇ ನೆಲೆಸುವ ಮನಸ್ಸು ಮಾಡಿದ್ದಳು. ತಾಯಿಗೆ ಮೈ ಸರಿಯಿಲ್ಲವೆಂದು 1890ರಲ್ಲಿ ತಿಂಡಿವನಕ್ಕೆ ಬಂದದ್ದು ಸ್ವಲ್ಪ ದಿನದ ಮಟ್ಟಿಗೆ ಮಾತ್ರ. ಅಲ್ಲಿ ಒಂದು ರಾತ್ರಿ ಒಬ್ಬರಾದ ಮೇಲೊಬ್ಬರಂತೆ ಮೂವರು ಗಂಡಸರು ಬಾಗಿಲು ಬಡಿದರು. ಒಬ್ಬ ಬ್ರಾಹ್ಮಣ, ಒಬ್ಬ ಮುಸಲ್ಮಾನ, ಮೂರನೆಯವನು ಇನ್ನೊಂದು ಮೇಲುಜಾತಿಯವನು. ಮೂವರ ಮನೆಯಲ್ಲೂ ಹೆಂಡತಿ ಹೆರಿಗೆ ಬೇನೆಯಲ್ಲಿ ಸಾಯುತ್ತಿದ್ದಳು. ತಂದೆ ಬರುತ್ತಾರೆ ಎಂದರೆ ಮೂವರೂ ಒಪ್ಪಲಿಲ್ಲ, ಪರಗಂಡಸು ಮುಟ್ಟಬಾರದು. ಹೆಣ್ಣುಮಗಳೇ ಬರಬೇಕು. ತನಗೆ ವೈದ್ಯ ತಿಳಿಯದು ಎಂದು ಐಡಾ ಹೇಳಬೇಕಾಯಿತು. ಬೆಳಗಾದಾಗ ಮೂವರು ಹೆಂಗಸರೂ ಸತ್ತ ಸುದ್ದಿ ಬಂತು.

ಆಕೆ ಅಮೆರಿಕಕ್ಕೆ ಮರಳಿ ವೈದ್ಯಕೀಯ ಸೇರಿದಳು. 1899ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದಿಂದ ಪದವಿ ಪಡೆದು, ನ್ಯೂಯಾರ್ಕಿನ ಬ್ಯಾಂಕರ್ ಒಬ್ಬ ತೀರಿಹೋದ ಹೆಂಡತಿಯ ನೆನಪಿಗೆಂದು ಕೊಟ್ಟ ಹತ್ತು ಸಾವಿರ ಡಾಲರ್ ಹಿಡಿದುಕೊಂಡು, 1900ರ ಆರಂಭದಲ್ಲಿ ವೆಲ್ಲೂರಿಗೆ ಬಂದಳು. ಅದೇ ವರ್ಷ ತಂದೆ ತೀರಿಕೊಂಡರು. ಆಸ್ಪತ್ರೆಯಿಲ್ಲ, ದಾದಿಯಿಲ್ಲ, ಮನೆಯಲ್ಲೇ ರೋಗಿಗಳನ್ನು ನೋಡತೊಡಗಿದಳು. 1902ರಲ್ಲಿ ನಲವತ್ತು ಹಾಸಿಗೆಯ ಆಸ್ಪತ್ರೆ ಎದ್ದಿತು. ಅಷ್ಟಕ್ಕೇ ನಿಲ್ಲದೆ ವಾರಕ್ಕೊಮ್ಮೆ ಎತ್ತಿನ ಗಾಡಿ ಕಟ್ಟಿಕೊಂಡು ಹಳ್ಳಿಯ ಹಾದಿ ಹಿಡಿದಳು. 1909ರಲ್ಲಿ ಒಂದು ಮೋಟಾರು ಗಾಡಿ ಬಂತು. ದಾರಿಯ ಬದಿಯ ಮರದ ನೆರಳೇ ದವಾಖಾನೆ. ರೋಗಿ ಆಸ್ಪತ್ರೆಗೆ ಬರಲಾರದಿದ್ದರೆ ಆಸ್ಪತ್ರೆಯೇ ರೋಗಿಯ ಬಳಿ ಹೋಗಬೇಕೆಂಬ ತಿಳಿವಳಿಕೆ ನೂರು ವರ್ಷಕ್ಕೂ ಹಿಂದೆ ಆ ಧೂಳಿನ ರಸ್ತೆಯ ಮೇಲೆ ಹೀಗೆ ಚಿಗುರಿತು. 1918ರಲ್ಲಿ ಹೆಣ್ಣುಮಕ್ಕಳಿಗಾಗಿ ವೈದ್ಯಕೀಯ ಶಾಲೆ ತೆರೆದಾಗ, ಓದಲು ಹುಡುಗಿಯರು ಬಂದಾರೆಯೇ ಎಂದು ಅಧಿಕಾರಿಗಳಿಗೇ ಸಂಶಯವಿತ್ತು. 1922ರಲ್ಲಿ ಹದಿನಾಲ್ಕು ಹುಡುಗಿಯರು ಓದು ಮುಗಿಸಿ ಹೊರಬಂದರು.

ಈ ಕಥೆಯನ್ನೂ ನಾನು ತರಗತಿಯಲ್ಲಿ ಹೇಳಿದ್ದುಂಟು. ಆದರೆ ಈ ಸಲ ಓದುವಾಗ ಕಣ್ಣು ಬೇರೊಂದು ಹೆಸರಿನ ಮೇಲೆ ನಿಂತಿತು: ಸಲೋಮಿ. ಸ್ಕಡ್ಡರ್ ಮನೆಯ ಸೇವಕವರ್ಗಕ್ಕೆ ಸೇರಿದ ತಮಿಳು ಹೆಣ್ಣುಮಗಳು. ವೆಲ್ಲೂರಿನಲ್ಲಿ ಐಡಾ ಕತ್ತರಿ ಹಿಡಿದು ಶಸ್ತ್ರಕ್ರಿಯೆಗೆ ನಿಂತ ಮೊದಲ ದಿನಗಳಲ್ಲಿ ಪಕ್ಕದಲ್ಲಿ ನಿಂತವಳು ಈಕೆ. ಮನೆಗೆಲಸ ಬಿಟ್ಟು ದಾದಿಯ ಕೆಲಸಕ್ಕೆ ಬಂದಳು. ಕೆಲಸ ಬದಲಿಸಿದ್ದು ಐಡಾ ಒಬ್ಬಳೇ ಅಲ್ಲವಲ್ಲ! ಐಡಾ ಅಮೆರಿಕದ ಬದುಕನ್ನು ಬಿಟ್ಟು ಬಂದದ್ದಕ್ಕೆ ನಾವು ತ್ಯಾಗವೆಂದು ಹೆಸರಿಟ್ಟೆವು. ಸಲೋಮಿ ಪಾತ್ರೆ ಬಿಟ್ಟು ಬಂದದ್ದಕ್ಕೆ ಹೆಸರೇ ಇಲ್ಲ. ಮೂವತ್ತು ವರ್ಷ ಕಥೆ ಹೇಳಿದ ನಾನು ಅವಳನ್ನು ಒಂದು ಸಲವೂ ನೆನೆದಿರಲಿಲ್ಲ.

ಮಗಳನ್ನು ಸೋಲಿಸಲು ಹೊರಟವಳ ಹಾದಿ ಇಲ್ಲಿಂದ ಬೇರೆಯಾಯಿತು.

ವೆಲ್ಲೂರಿನಲ್ಲಿ ಓದಿ 1959ರಲ್ಲಿ ಹೊರಬಂದ ಇಬ್ಬರು ರಜನೀಕಾಂತ ಆರೋಳೆ ಮತ್ತು ಮೇಬೆಲ್. ರಜನೀಕಾಂತರು ಮಹಾರಾಷ್ಟ್ರದ ಅಹ್ಮದನಗರ ಜಿಲ್ಲೆಯವರು, ಮಾಸ್ತರರ ಮಗ. 1960ರಲ್ಲಿ ಮದುವೆಯಾದಾಗಲೇ ಬಡವರ ಹಳ್ಳಿಗಳಲ್ಲಿ ದುಡಿಯುವುದೆಂದು ಇಬ್ಬರೂ ನಿಶ್ಚಯಿಸಿದ್ದರು. ಅದೇ ಜಿಲ್ಲೆಯ ಒಂದು ಮಿಷನ್ ಆಸ್ಪತ್ರೆಯಲ್ಲಿ ಕೆಲವು ವರ್ಷ ಕೆಲಸ ಮಾಡುವಷ್ಟರಲ್ಲಿ ಒಂದು ಸತ್ಯ ಅವರನ್ನು ಕಾಡತೊಡಗಿತು. ಬಂದ ರೋಗಿ ಗುಣವಾಗಿ ಹೋಗುತ್ತಾನೆ, ಅದೇ ನೀರು ಕುಡಿದು, ಅದೇ ಹಸಿವಿನಲ್ಲಿದ್ದು, ಅದೇ ರೋಗ ಹೊತ್ತು ಮತ್ತೆ ಬರುತ್ತಾನೆ. ಆಸ್ಪತ್ರೆಗೆ ಬರುವ ಬೇನೆಗಳಲ್ಲಿ ಬಹುಪಾಲು ಬಾರದಂತೆ ತಡೆಯಬಹುದಾದವು. ಇಬ್ಬರೂ ಅಮೆರಿಕಕ್ಕೆ ಹೋಗಿ ಹೆಚ್ಚಿನ ತರಬೇತಿ ಪಡೆದರು, ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಸಾರ್ವಜನಿಕ ಆರೋಗ್ಯ ಓದಿದರು. ಅಲ್ಲಿಯೇ ಉಳಿದಿದ್ದರೆ ಬದುಕು ಹೂವಿನ ಹಾಸಿಗೆ. ಅವರು 1970ರಲ್ಲಿ ಬಂದಿಳಿದದ್ದು ಜಾಮಖೇಡಕ್ಕೆ, ನಮ್ಮ ವಿಜಯಪುರದ ಸೀಮೆಯಂತೆಯೇ ಮಳೆ ಕೈಕೊಡುವ, ಜೋಳ ಬೆಳೆಯುವ ನಾಡಿಗೆ. 1971ರಲ್ಲಿ ಅಲ್ಲಿನ ಹಳ್ಳಿಗಳಲ್ಲಿ ಹುಟ್ಟಿದ ಸಾವಿರ ಕೂಸುಗಳಲ್ಲಿ 176 ವರ್ಷ ತುಂಬುವುದರೊಳಗೆ ಸಾಯುತ್ತಿದ್ದವು.

ಸಾವಿಗೆ ಕಾರಣಗಳೇನು ದೊಡ್ಡವಲ್ಲ. ಭೇದಿಯಾದ ಕೂಸಿಗೆ ನೀರು ಕುಡಿಸಬಾರದೆಂಬ ನಂಬಿಕೆ. ಹೊಕ್ಕುಳಬಳ್ಳಿಯನ್ನು ಕುಡುಗೋಲಿನಿಂದ ಕೊಯ್ಯುವುದು, ಅದರಿಂದ ಧನುರ್ವಾಯು. ಬಸುರಿಗೆ ಹೊಟ್ಟೆತುಂಬ ಕೂಳಿಲ್ಲದಿರುವುದು. ಇವಕ್ಕೆ ಬೇಕಾದದ್ದು ಉಪ್ಪು ಸಕ್ಕರೆ ಬೆರೆಸಿದ ಕುದಿಸಿದ ನೀರು, ಒಂದು ಹೊಸ ಬ್ಲೇಡು, ಸಾಬೂನು, ಒಂದು ತುತ್ತು ಹೆಚ್ಚಿನ ಅನ್ನ, ಮತ್ತು ಇದನ್ನು ಹೇಳಿದರೆ ಕೇಳುವಂಥ ಒಬ್ಬಳು. ಆರೋಳೆಯವರು ಮೊದಲು ತರಬೇತಾದ ದಾದಿಯರನ್ನು ಹಳ್ಳಿಗಳಿಗೆ ಕಳಿಸಿದರು. ಅದು ನಡೆಯಲಿಲ್ಲ. ಪರಊರಿನ ಹರೆಯದ ಹುಡುಗಿಯ ಮಾತನ್ನು ನಾಲ್ಕು ಹೆತ್ತ ಅತ್ತೆ ಕೇಳುವುದುಂಟೆ? ಆಗ ಊರಿಗೊಬ್ಬರಂತೆ ಊರಿನ ಹೆಂಗಸನ್ನೇ ಆರಿಸಿ ಕಲಿಸುವುದೆಂದಾಯಿತು. ಬಂದವರು ಯಾರು? ಬಹುಪಾಲು ಕೆಳಜಾತಿಯ ಬಡವೆಯರು, ಅಕ್ಷರ ಬಾರದವರು, ಕೂಲಿಗೆ ಹೋಗುವವರು, ಗಂಡ ಬಿಟ್ಟವರು.

ಅವರಿಗೆ ಕಲಿಸಿದ ಬಗೆಯನ್ನು ಶಿಕ್ಷಕಿಯಾದ ನಾನು ಬೆರಗಿನಿಂದ ಓದಿದೆ. ವಾರಕ್ಕೊಮ್ಮೆ ಜಾಮಖೇಡಕ್ಕೆ ಬರಬೇಕು, ರಾತ್ರಿ ಅಲ್ಲಿಯೇ ಉಳಿಯಬೇಕು. ಮೇಲುಜಾತಿಯವಳು ದಲಿತಳ ಜೊತೆ ಉಣ್ಣಲೊಲ್ಲಳು, ಮಗ್ಗುಲಲ್ಲಿ ಮಲಗಲೊಲ್ಲಳು. ಉಪದೇಶ ಮಾಡಿದರೆ ಹೋಗುವ ರೋಗವೇ ಅದು? ಆರೋಳೆಯವರು ಹೊದಿಕೆಗಳನ್ನು ಒಂದಕ್ಕೊಂದು ಹೊಲಿಸಿ ದೊಡ್ಡದೊಂದು ಕೌದಿಯನ್ನೇ ಮಾಡಿಸಿದರು. ಚಳಿಯಾದರೆ ಎಲ್ಲರೂ ಅದರಡಿಯೇ ಬರಬೇಕು. ಕೊಳವೆಬಾವಿ ತೋಡಿಸುವಾಗಲೂ ಅಷ್ಟೇ, ದಲಿತರ ಕೇರಿಯಲ್ಲಿ ತೋಡಿಸಿದರು. ಬರಗಾಲದಲ್ಲಿ ನೀರು ಬೇಕಾದವರು ಅಲ್ಲಿಗೇ ಕೊಡ ಹೊತ್ತು ಬಂದರು. ಕೂಸು ತೂಗುವುದು, ಅಪಾಯದ ಬಸುರಿಯನ್ನು ಗುರುತಿಸುವುದು, ಭೇದಿಗೆ ನೀರು ಮಾಡುವುದು, ಶುಚಿಯಾಗಿ ಹೆರಿಗೆ ಮಾಡಿಸುವುದು, ಇಷ್ಟನ್ನು ಅವರು ಕಲಿತು ಊರಿಗೆ ಹೋಗಿ ಕಲಿಸಿದರು. 1996ರ ಹೊತ್ತಿಗೆ 176 ಇದ್ದ ಸಂಖ್ಯೆ 26ಕ್ಕೆ ಇಳಿದಿತ್ತು.

ಆರೋಳೆ ದಂಪತಿಗಳಿಗೆ 1979ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಬರಬೇಕಾದದ್ದೇ. ಮೇಬೆಲ್ 1999ರಲ್ಲಿ, ರಜನೀಕಾಂತರು 2011ರಲ್ಲಿ ತೀರಿಕೊಂಡರು. ಆದರೆ ನನ್ನ ಮನಸ್ಸಿನಲ್ಲಿ ನಿಂತವಳು ಅಲ್ಲಿನ ಕಾರ್ಯಕರ್ತೆ ಮುಕ್ತಾಬಾಯಿ ಪೋಳ. 1980ರ ದಶಕದಲ್ಲಿ ಈ ಹಳ್ಳಿಯ ಹೆಣ್ಣುಮಗಳು ವಾಷಿಂಗ್ಟನ್ನಿನ ಅಂತರರಾಷ್ಟ್ರೀಯ ಸಮ್ಮೇಳನದ ವೇದಿಕೆ ಏರಿದಳು. ಸಭಾಂಗಣದ ಮೇಲೆ ತೂಗುತ್ತಿದ್ದ ದೊಡ್ಡ ದೀಪಗುಚ್ಛಗಳನ್ನು ತೋರಿಸಿ, ಡಾಕ್ಟರರು ಇವುಗಳಂತೆ, ಚೆಂದ, ಆದರೆ ದುಬಾರಿ, ಎತ್ತರದಲ್ಲಿರುವಂಥವು. ನಾನು ಸಣ್ಣ ಹಣತೆ, ಆದರೆ ಒಂದು ಹಣತೆಯಿಂದ ಇನ್ನೊಂದನ್ನು ಹಚ್ಚಬಹುದು ಎಂಬರ್ಥದ ಮಾತಾಡಿದಳಂತೆ. ನಾನು ಮಕ್ಕಳಿಗೆ ನೈಟಿಂಗೇಲಳ ದೀಪದ ಕಥೆ ಹೇಳುತ್ತಿದ್ದೆ. ಸೊಲ್ಲಾಪುರದ ಆಚೆಗಿನ ಈ ಹಣತೆಯ ಕಥೆ ನನಗೇ ಗೊತ್ತಿರಲಿಲ್ಲ.

ಜಾಮಖೇಡದ ಅನುಭವವನ್ನು ವಿಶ್ವ ಆರೋಗ್ಯ ಸಂಸ್ಥೆ 1975ರಲ್ಲೇ ಒಂದು ಪುಸ್ತಕದಲ್ಲಿ ಸೇರಿಸಿತು. 1978ರಲ್ಲಿ, ಆಗಿನ ಸೋವಿಯತ್ ಒಕ್ಕೂಟದ ಆಲ್ಮಾ ಆಟಾದಲ್ಲಿ ಸೇರಿದ ರಾಷ್ಟ್ರಗಳು ಎಲ್ಲರಿಗೂ ಆರೋಗ್ಯ ಎಂದು ಘೋಷಿಸಿದವು. ನಮ್ಮಲ್ಲಿಯೂ ಗಾಳಿ ಬೀಸಿತ್ತು. 1975ರ ಗಾಂಧಿ ಜಯಂತಿಯಂದು ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ಕರ್ನಾಟಕದ ಮೊದಲ ಅಂಗನವಾಡಿಗಳು ತಿರುಮಕೂಡಲು ನರಸೀಪುರದಲ್ಲಿ ತೆರೆದವು. 1984ರಲ್ಲಿ ಬೆಂಗಳೂರಿನ ರವಿ ನಾರಾಯಣ್ ಮತ್ತು ತೆಲ್ಮಾ ನಾರಾಯಣ್ ವೈದ್ಯಕೀಯ ಕಾಲೇಜಿನ ಪ್ರಾಧ್ಯಾಪಕಿ ಬಿಟ್ಟು ಸಮುದಾಯ ಆರೋಗ್ಯದ ಕೆಲಸಕ್ಕೆ ನಿಂತರು. ಕಟ್ಟಕಡೆಗೆ 2005ರಲ್ಲಿ ಕೇಂದ್ರ ಸರಕಾರ ಗ್ರಾಮೀಣ ಆರೋಗ್ಯ ಅಭಿಯಾನ ತಂದು, ಸಾವಿರ ಜನಕ್ಕೊಬ್ಬಳಂತೆ ಆಶಾ ಕಾರ್ಯಕರ್ತೆಯನ್ನು ನೇಮಿಸತೊಡಗಿತು. ಆಕೆ ಆ ಊರಿನವಳೇ ಆಗಿರಬೇಕು. ಜಾಮಖೇಡದ ಪಾಠವೇ ಇದು. ಆದರೆ ಸರಕಾರದ ಲೆಕ್ಕದಲ್ಲಿ ಆಕೆ ನೌಕರಳಲ್ಲ, ಸ್ವಯಂಸೇವಕಿ. ಸಂಬಳವಿಲ್ಲ, ಮಾಡಿದ ಕೆಲಸಕ್ಕೆ ಪ್ರೋತ್ಸಾಹಧನ, ಗೌರವಧನ.

ಇಷ್ಟು ಓದಿದ ಮೇಲೆ ಒಂದು ಸಂಜೆ ನಮ್ಮ ಓಣಿಯ ಆಶಾಳನ್ನು ಮನೆಗೆ ಕರೆದೆ. ಒಂಬತ್ತನೆಯ ಇಯತ್ತೆಯಲ್ಲಿದ್ದಾಗ ಮದುವೆ ಮಾಡಿ ಶಾಲೆ ಬಿಡಿಸಿದ್ದರು. ಹೊಲದ ಕೂಲಿಗೆ ಹೋಗುತ್ತಿದ್ದಳು. 2008ರಲ್ಲಿ ಆಶಾ ಕೆಲಸಕ್ಕೆ ಬಂದಳು. ಚಹಾ ಕೊಟ್ಟು ಕೇಳಿದೆ, "ನನ್ನ ಮಗಳ ತಲಿ ಕೆಡಿಸಿದಾಕಿ ನೀನ ಏನ?"

ನಕ್ಕಳು. "ನಾ ಅಲ್ರಿ ಅಕ್ಕೋರ, ನೀವ. ನಮಗ ಆ ಆಫ್ರಿಕಾದ ಡಾಕ್ಟರನ ಕಥಿ ಹೇಳಿದ್ರಲ್ಲ, ನಂಗ ಇನ್ನೂ ನೆನಪೈತಿ."

"ಮತ್ತ ನೀ ಕೂಲಿ ಬಿಟ್ಟು ಇದಕ್ಕ ಬಂದಿದ್ದು ಆ ಕಥಿ ಕೇಳೇನ?"

"ಇಲ್ರಿ. ಮನಿಯಾಗ ಕಷ್ಟ ಇತ್ತು, ಬಂದೆ. ಬಂದ ಮ್ಯಾಲ ಬಿಡಾಕ ಮನಸಾಗಲಿಲ್ಲ." ಸ್ವಲ್ಪ ಹೊತ್ತು ಬಸಿ ತಿರುಗಿಸುತ್ತ ಕೂತು ಮುಂದುವರಿಸಿದಳು: "ತಂಗಿ ಕೆಲಸ ಬಿಟ್ರ ಮಂದಿ ದೊಡ್ಡ ಮನಸು ಅಂತಾರ್ರಿ. ನಾವು ಪಗಾರ ಕೇಳಿದ್ರ, ಸೇವಾ ಮಾಡಾಕ ಬಂದೀರಿ, ರೊಕ್ಕ ಯಾಕ ಅಂತಾರ. ತಂಗಿಗೆ ಹೇಳ್ರಿ, ಓದಿ ಬಂದು ನಮ್ಮ ಲೆಕ್ಕಾನೂ ಒಂಚೂರು ಬರೀಲಿ."

ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. 2020ರ ಜುಲೈಯಲ್ಲಿ, ಕೊರೋನಾ ಏರಿ ಬರುತ್ತಿದ್ದಾಗ, ರಾಜ್ಯದ ಆಶಾಗಳು ತಿಂಗಳಿಗೆ ಹನ್ನೆರಡು ಸಾವಿರ ಕೊಡಿ ಎಂದು ಮುಷ್ಕರ ಹೂಡಿದ್ದರು. ಆಗ ನಾನೂ ಟಿ.ವಿ. ನೋಡುತ್ತ, 'ಇಂಥ ಹೊತ್ತಿನಾಗ ಇವರಿಗೆ ರೊಕ್ಕದ ಚಿಂತಿ' ಎಂದವಳೇ. ಮೊದಲ ತಾರೀಖಿಗೆ ತಪ್ಪದೆ ಸಂಬಳ ಎಣಿಸುವವಳ ಬಾಯಲ್ಲಿ ಬರಬಾರದಿದ್ದ ಮಾತು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನಮ್ಮ ದೇಶದ ಆಶಾಗಳಿಗೆ ಗೌರವ ಪ್ರಶಸ್ತಿ ಕೊಟ್ಟಿತು. ಅವಳು ಅದರ ಪತ್ರಿಕಾ ತುಣುಕನ್ನು ರಿಜಿಸ್ಟರಿನೊಳಗೆ ಇಟ್ಟುಕೊಂಡಿದ್ದಾಳೆ. ಆ ತುಣುಕಿನಿಂದ ಕಿರಾಣಿ ಬರುವುದಿಲ್ಲ.

ಇಷ್ಟೆಲ್ಲ ಓದಿ ನನಗೆ ತಿಳಿದದ್ದು ಇದು. ಜನರ ಆರೋಗ್ಯಕ್ಕೆಂದು ಕೆಲಸ ಬದಲಿಸಿದವರ ಚರಿತ್ರೆಯಲ್ಲಿ ಎರಡು ಸಾಲುಗಳಿವೆ. ಮೇಲಿನಿಂದ ಇಳಿದು ಬಂದವರದು ಒಂದು ಸಾಲು. ಅವರಿಗೆ ಬಿಡಲು ಏನಾದರೂ ಇತ್ತು, ಆದ್ದರಿಂದ ಅವರ ಬಿಡುವಿಕೆ ಕಥೆಯಾಯಿತು. ಪಾತ್ರೆ, ಕುಡುಗೋಲು, ಕೂಲಿಬುಟ್ಟಿ ಕೆಳಗಿಟ್ಟು ಬಂದವರದು ಇನ್ನೊಂದು ಸಾಲು. ಮೊದಲಿನವರು ಹಾದಿ ತೋರಿಸಿರಬಹುದು, ಹಾದಿ ಸವೆಸಿದವರು ಎರಡನೆಯವರು. ಎರಡೂ ಸಾಲು ಒಂದೇ ಕೌದಿಯ ಕೆಳಗೆ ಬಂದಾಗ ಮಾತ್ರ ಕೂಸುಗಳು ಉಳಿದವು. ಮೊದಲ ಸಾಲನ್ನು ಮಾತ್ರ ಹೇಳಿದ ನಾನು ಮಕ್ಕಳಿಗೆ ಅರ್ಧ ಚರಿತ್ರೆ ಹೇಳಿದ್ದೆ. ಅರ್ಧ ಚರಿತ್ರೆ ಕೇಳಿದವರಿಗೆ ಸೇವೆಯೆಂದರೆ ತ್ಯಾಗವೆಂದು ಅನ್ನಿಸುತ್ತದೆ, ತ್ಯಾಗವೆಂದರೆ ತಾಯಂದಿರು ಹೆದರುತ್ತಾರೆ.

ಮಗಳಿಗೆ ಹೂಂ ಎಂದೆ. ಮನೆಯ ಸಾಲದ ಪೂರ್ತಿ ಕಂತನ್ನು ಈಗ ನಾನೇ ಕಟ್ಟುತ್ತೇನೆ. ಕಷ್ಟವಾಗುತ್ತದೆ, ಸುಳ್ಳು ಏಕೆ ಹೇಳಲಿ. ಆ ಮದುವೆಯ ಮಾತು ಅಲ್ಲಿಗೇ ನಿಂತಿತು. ಎರಡು ವರ್ಷದ ಓದು ಮುಗಿಸಿ ಅವಳು ಕಲ್ಯಾಣ ಕರ್ನಾಟಕದ ಹಳ್ಳಿಗಳಲ್ಲಿ ಕೆಲಸ ಮಾಡುತ್ತಿದ್ದಾಳೆ. ಮೊದಲಿನ ಸಂಬಳದ ಮೂರರಲ್ಲಿ ಒಂದು ಪಾಲು ಬರುತ್ತದೆ. ಆಶಾಗಳ ಜೊತೆ ಕೂತು, ಯಾವ ಊರಲ್ಲಿ ಯಾವ ಬಸುರಿಗೆ ರಕ್ತ ಕಡಿಮೆ, ಯಾವ ಕೂಸಿನ ತೂಕ ಏರಲಿಲ್ಲ, ಯಾವ ಕಾರ್ಯಕರ್ತೆಗೆ ಎಷ್ಟು ತಿಂಗಳ ದುಡ್ಡು ಬಂದಿಲ್ಲ ಎಂದು ಬರೆಯುತ್ತಾಳೆ. ಕೊನೆಯದು ಅವಳ ಕೆಲಸದ ಪಟ್ಟಿಯಲ್ಲಿ ಇಲ್ಲವಂತೆ. ಆದರೂ ಬರೆಯುತ್ತಾಳಂತೆ.

ಬಸ್ಸಿನಲ್ಲಿ ಹೋಗುವಾಗ ಪರಿಚಯದವರು ಕೇಳುತ್ತಾರೆ, "ಮಗಳು ಬೆಂಗಳೂರಾಗ ಇಂಜಿನಿಯರ ಅಲ್ರಿ ಅಕ್ಕೋರ?"

"ಈಗಿಲ್ರಿ. ಹಳ್ಳಿ ಆರೋಗ್ಯದ ಕೆಲಸ ಮಾಡ್ತಾಳ."

"ಹೌದಾ, ಡಾಕ್ಟರಾದಳೇನ್ರಿ?"

"ಇಲ್ಲ."

"ಮತ್ತ ನರ್ಸ?"

"ಅದೂ ಅಲ್ಲ."

"ಮತ್ತೇನ್ರಿ?"

ಆಗ ನಾನು ಚೀಲ ಎತ್ತಿಟ್ಟುಕೊಂಡು ಮಗ್ಗುಲಲ್ಲಿ ಜಾಗ ಮಾಡಿ, ಕೂಡ್ರಿ ಹೇಳ್ತೀನಿ ಎನ್ನುತ್ತೇನೆ. ಸಲೋಮಿಯಿಂದ ಸುರು ಮಾಡಿದರೆ ಕಥೆ ಜಾಮಖೇಡ ಮುಟ್ಟುವಷ್ಟರಲ್ಲಿ ನಮ್ಮೂರು ಬಂದಿರುತ್ತದೆ.